ಹರ್ನಿಯಾಗೆ ಡೇಟ್ ಕೊಟ್ಟು ಕಳಿಸಿದ ಮೇಲೆ

ಹೊಟ್ಟೆಯ ಗೋಡೆಯಲ್ಲಿ ಬಿರುಕು ಬಿಟ್ಟು, ಅಲ್ಲಿಂದ ಕರುಳು ಗಂಟಿನಂತೆ ಹೊರಗೆ ಉಬ್ಬೋದೇ ಹರ್ನಿಯಾ. ನಮ್ಮ ಮಂಡ್ಯ ಕಡೆ ಅದು "ಕಬ್ಬು ಕಟಾವು ಮುಗೀಲಿ, ನೋಡೋಣ" ಅನ್ನೋ ಕಾಯಿಲೆ. ಕೊನೆಗೆ ಆಸ್ಪತ್ರೆಗೆ ಹೋದರೆ ಅಲ್ಲೂ ಆಪರೇಷನ್ ಡೇಟ್ ದೂರ. ಅಪಘಾತ, ಕ್ಯಾನ್ಸರ್ ಕೇಸ್‌ಗಳು ಮೊದಲು ಆಗಬೇಕು, ಒಪ್ಪುತ್ತೇನೆ. ಕಾಯಿಸಲಿ. ಆದರೆ ನಡುವೆ ಒಮ್ಮೆಯಾದರೂ ಕರೆದು ಹೊಟ್ಟೆ ಮುಟ್ಟಿ ನೋಡಬೇಕು ಅಲ್ವಾ?

ಕಾಯಬಹುದಾದ ಹರ್ನಿಯಾ ಖಂಡಿತ ಇದೆ. ತೊಡೆಸಂದಿನ ಹರ್ನಿಯಾ ಇದ್ದು ಹೆಚ್ಚು ತೊಂದರೆ ಇಲ್ಲದ ಗಂಡಸರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಾದವರಲ್ಲಿ ಕರುಳು ಸಿಕ್ಕಿಕೊಂಡು ತುರ್ತು ಪರಿಸ್ಥಿತಿ ಬಂದದ್ದು ವರ್ಷಕ್ಕೆ ಸಾವಿರದಲ್ಲಿ ಸುಮಾರು ಇಬ್ಬರಿಗೆ. ಆದರೆ 10 ವರ್ಷ ಆಗುವಷ್ಟರಲ್ಲಿ ಅವರಲ್ಲೇ ಮೂರನೇ ಎರಡು ಭಾಗ ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಮುಖ್ಯ ಕಾರಣ, ನೋವು ಜಾಸ್ತಿಯಾಗಿತ್ತು.

ಈ ಲೆಕ್ಕ ಎಲ್ಲರಿಗೂ ಹಾಕಬಾರದು. ಸಂದಿಗಿಂತ ಸ್ವಲ್ಪ ಕೆಳಗೆ ಬರುವ ಫೆಮೊರಲ್ ಹರ್ನಿಯಾ ಹೆಂಗಸರಲ್ಲೇ ಜಾಸ್ತಿ. ಅದರ ದಾರಿ ಕಿರಿದು, ಕರುಳು ಬೇಗ ಸಿಕ್ಕಿಕೊಳ್ಳುತ್ತೆ. ಅದನ್ನು ಕಾಯಿಸಲೇಬಾರದು.

ಇನ್ನು ಹಳೆ ಹೊಲಿಗೆ ಜಾಗದ ಹರ್ನಿಯಾ. ನಮ್ಮ ದೊಡ್ಡಮ್ಮನಿಗೆ ಗರ್ಭಕೋಶ ತೆಗೆದ ಗಾಯದಲ್ಲೇ ಬಂತು. ಮೊದಲು ನಿಂಬೆಹಣ್ಣಿನಷ್ಟಿತ್ತು. ಕೆಮ್ಮು ಬಂದರೆ ಅಂಗೈ ಒತ್ತಿ ಹಿಡಿದು ಕೆಮ್ಮುತ್ತಿದ್ದರು. ಬರಬರುತ್ತಾ ಸೀರೆಯ ನೆರಿಗೆ ಸಿಕ್ಕಿಸೋದಕ್ಕೇ ಜಾಗ ಇಲ್ಲದಂತಾಯಿತು. ಮಲಗಿದರೂ ಗಂಟು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಡೇಟ್ ಬಂದ ದಿನ ಡಾಕ್ಟರ್ ಹಳೆ ಚೀಟಿ ನೋಡಿದರು, ಹೊಟ್ಟೆ ನೋಡಿದರು. "ಅಮ್ಮ, ಆಗ ಬರೆದ ಆಪರೇಷನ್ ಈಗ ಸಾಕಾಗಲ್ಲ. ಹೊಸದಾಗಿ ಸಿ.ಟಿ. ಸ್ಕ್ಯಾನ್ ಮಾಡಿಸಿ" ಅಂದರು.

ಆಗೋದು ಇಷ್ಟು. ಬಿರುಕಿನ ಎರಡೂ ಕಡೆಯ ಸ್ನಾಯು ದೂರ ಸರಿದು ಗಿಡ್ಡವಾಗುತ್ತಾ ಹೋಗುತ್ತೆ. ಕರುಳು ಬಹಳ ಕಾಲ ಹೊರಗೇ ಇದ್ದರೆ ಒಳಗಿನ ಜಾಗ ಕುಗ್ಗುತ್ತೆ. ಎಲ್ಲವನ್ನೂ ಒಮ್ಮೆಲೇ ಒಳಗೆ ತಳ್ಳಿದರೆ ಒತ್ತಡ ಏರಿ ಉಸಿರಾಟಕ್ಕೇ ಕಷ್ಟ. ಬಿರುಕು 10 ಸೆಂಟಿಮೀಟರ್ ದಾಟಿದರೆ ಎಳೆದು ಹೊಲಿದು ಮೆಶ್ (ಬಲೆಯಂಥ ಪಟ್ಟಿ) ಇಡೋದು ಸುಲಭ ಅಲ್ಲ. ಸ್ನಾಯುವಿನ ಪದರ ಬಿಡಿಸಬೇಕಾಗಬಹುದು, ಕೆಲವರಿಗೆ ಸ್ನಾಯು ಸಡಿಲವಾಗಲಿ ಅಂತ ವಾರಗಳ ಮೊದಲೇ ಬೊಟಾಕ್ಸ್ ಚುಚ್ಚುತ್ತಾರೆ. ಬೆಲ್ಟ್ ಕಟ್ಟಿದರೆ ಆರಾಮ ಅನ್ನಿಸಬಹುದು, ಬಿರುಕು ಮುಚ್ಚಲ್ಲ.

ಆಶಾ ಕಾರ್ಯಕರ್ತೆಯರು ಹೇಗೂ ಮನೆಮನೆಗೆ ಬರುತ್ತಾರೆ. ಡೇಟ್ ಕಾಯುತ್ತಿರುವವರನ್ನು ಅವರ ಮೂಲಕವೇ ಕೇಳಿಸಬಹುದು: ಗಂಟು ದೊಡ್ಡದಾಗಿದೆಯಾ, ಮಲಗಿದರೆ ಒಳಗೆ ಹೋಗುತ್ತಾ, ನೋವು ಜಾಸ್ತಿಯಾ? ಉತ್ತರ ಬದಲಾದವರನ್ನು ಸರ್ಜನ್ ಮತ್ತೆ ನೋಡಲಿ, ಡೇಟ್ ಬೇಗ ಕೊಡಲಿ. ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ನೋವು, ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿನೇ ಕ್ಯಾಷುವಾಲ್ಟಿಗೆ ಹೊರಡಿ.