ಸತ್ಯಾಂಶ: ಜಿಎಸ್‌ಟಿ ನಂಬರ್ ಇದ್ದರೆ ಕಂಪನಿಯನ್ನು ನಂಬಬಹುದಾ?

"ಜಿಎಸ್‌ಟಿ ನಂಬರ್ ಇದೆ ಅಂದರೆ ಸರ್ಕಾರವೇ ಕಂಪನಿಯನ್ನು ಪರೀಕ್ಷಿಸಿದೆ, ಧೈರ್ಯವಾಗಿ ಸಾಲಕ್ಕೆ ಸರಕು ಕೊಡಿ" ಎಂಬ ಸಂದೇಶ ಕೊಡಗಿನ ಕಾಫಿ, ಕರಿಮೆಣಸು ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ.

ಇದು ತಪ್ಪು. ಆ ನಂಬರ್ ತೆರಿಗೆ ನೋಂದಣಿಯ ಗುರುತು ಅಷ್ಟೆ. ಕಂಪನಿ ಬಾಕಿ ತೀರಿಸುತ್ತದೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಆದರೂ ಸುಮ್ನೆ ಬಿಡಬೇಡಿ. ವರ್ಷಪೂರ್ತಿ ದುಡಿದ ಬೆಳೆ ಅಲ್ವಾ? ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ರದ್ದಾಗಿದೆಯೇ, ರಿಟರ್ನ್ ಸಲ್ಲಿಸುತ್ತಿದ್ದಾರೆಯೇ ಎಂದು ಗೊತ್ತಾಗುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ, ಆಸ್ತಿ ಅಡವಿಟ್ಟು ಪಡೆದ ಸಾಲದ ವಿವರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿರುತ್ತದೆ. ಶುಲ್ಕ ಕಟ್ಟಿದರೆ ಅವರು ಸಲ್ಲಿಸಿದ ಬ್ಯಾಲೆನ್ಸ್ ಶೀಟ್ (ಆಸ್ತಿ, ಸಾಲಗಳ ಲೆಕ್ಕಪಟ್ಟಿ) ಕೂಡ ನೋಡಬಹುದು.

ಹಳೆಯ ಸಾಲಗಳನ್ನು ಹೇಗೆ ತೀರಿಸಿದ್ದಾರೆ ಎಂದು ತೋರಿಸುವ ಸಿಬಿಲ್ ವರದಿಯನ್ನು ಕಂಪನಿಯವರ ಹತ್ತಿರವೇ ಕೇಳಿ. ಕೊಡಲು ಹಿಂಜರಿದರೆ, ಚೀಲ ಲಾರಿ ಹತ್ತುವ ಮೊದಲೇ ಹಣ ಪಡೆಯಿರಿ.