ಆಯುಧಪೂಜೆಯೇ ಸರ್ವಿಸ್ಸು

ಸಣ್ಣ ಊರುಗಳಲ್ಲೂ ಈಗ ಲಿಫ್ಟಿಗೆ ಎಲ್ಲಿಲ್ಲದ ಬೇಡಿಕೆಯಂತೆ. ಸುದ್ದಿ ನೀವೂ ಓದಿರುತ್ತೀರಿ. ಕೋಲಾರದವರಿಗೆ ಇದನ್ನು ಪೇಪರಿನವರು ಹೇಳಬೇಕಾಗಿಲ್ಲ, ಎಂ.ಬಿ. ರಸ್ತೆಯಲ್ಲಿ ಕತ್ತೆತ್ತಿ ನಡೆದರೆ ಸಾಕು. ನರಸಾಪುರ, ವೇಮಗಲ್ ಕಡೆ ಕಾರ್ಖಾನೆ ಬಂದವು, ಕೆಲಸದ ಹುಡುಗರು ಬಂದರು, ಥರ್ಟಿ-ಫಾರ್ಟಿ ಸೈಟಿನಲ್ಲಿ ನಾಲ್ಕು ಮಹಡಿ ಎದ್ದವು. ಟು-ಲೆಟ್ ಬೋರ್ಡಿನಲ್ಲಿ 'ಕಾವೇರಿ ನೀರು' ಎಂದು ಬರೆಸುವ ಭಾಗ್ಯವಂತೂ ನಮಗಿಲ್ಲ, 'ಲಿಫ್ಟ್ ಇದೆ' ಎಂದಾದರೂ ಬರೆಸೋಣ.

ಬೇಡಿಕೆ ಲಿಫ್ಟಿಗೆ, ಅದರ ಸರ್ವಿಸಿಗಲ್ಲ. ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದದ ಮಾತೆತ್ತಿದರೆ ಮಾಲೀಕರ ಮುಖ ನೋಡಬೇಕು. 'ಹೊಸಾ ಲಿಫ್ಟಣ್ಣ, ಅದಕ್ಕೇನಾಗ್ತದೆ?' ನಾಲ್ಕು ವರ್ಷ ಕಳೆಯಲಿ, 'ಹಳೇ ಲಿಫ್ಟಣ್ಣ, ಅದಕ್ಯಾಕೆ ದುಡ್ಡು ಸುರಿಯೋದು?'

ಹಾಗೆಂದು ನಿರ್ವಹಣೆಯೇ ಇಲ್ಲ ಅಂದರೆ ನಾಲಿಗೆಗೆ ಹುಳ ಬಿದ್ದೀತು. ವರ್ಷಕ್ಕೊಮ್ಮೆ ಆಯುಧಪೂಜೆ ತಪ್ಪಿದ್ದಿಲ್ಲ. ಬಾಗಿಲಿಗೆ ವಿಭೂತಿ ಪಟ್ಟೆ, ಗುಂಡಿಗಳಿಗೆಲ್ಲ ಕುಂಕುಮ. ನಾನು ಹೋಗುವ ಒಂದು ಕಾಂಪ್ಲೆಕ್ಸಿನಲ್ಲಿ ಕುಂಕುಮ ಮೆತ್ತಿ ಮೆತ್ತಿ ಎರಡನೇ ಮಹಡಿಯ ಗುಂಡಿ ಒಳಗೇ ಕೂತುಬಿಟ್ಟಿದೆ. ಒಡೆದ ಬೂದುಗುಂಬಳದ ನೀರು ಬಾಗಿಲ ಸಂದಿಯಿಂದ ಇಳಿದು ಲಿಫ್ಟಿನ ತಳದ ಗುಂಡಿ ಸೇರುತ್ತದೆ. ಬ್ರೇಕು, ವೇಗ ಮೀರಿದರೆ ಲಿಫ್ಟನ್ನು ತಡೆಯುವ ಗವರ್ನರು ಕಣ್ಣಿಗೆ ಬೀಳುವುದಿಲ್ಲ, ಅವಕ್ಕೆ ಕುಂಕುಮವೂ ಇಲ್ಲ, ಗ್ರೀಸೂ ಇಲ್ಲ. ಲಿಫ್ಟಿಗೆಂದೇ 2012ರ ಕಾಯ್ದೆಯೊಂದಿದೆ, ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇಲ್ಲದೆ ಓಡಿಸುವಂತಿಲ್ಲ. ಆ ಲೈಸೆನ್ಸ್ ಎಲ್ಲಿ ಎಂದು ಹುಡುಕಿದರೆ ಮಾಲೀಕರ ಮನೆದೇವರ ಫೋಟೊ ಸಿಗುತ್ತದೆ.

ಒಳಗೆ 'ಆರು ಜನ, 408 ಕೆಜಿ' ಎಂದು ಬರೆದಿರುತ್ತದಲ್ಲ, ತಲೆಗೆ 68 ಕೆಜಿಯ ಲೆಕ್ಕ. ಲೆಕ್ಕ ಹಾಕಿದವರು ನಮ್ಮ ಕಡೆ ಬೀಗರೂಟ ಉಂಡವರಲ್ಲ.

ಕೆಟ್ಟರೆ ಮೆಕ್ಯಾನಿಕ್ ಬೆಂಗಳೂರಿಂದಲೇ ಬರಬೇಕು. ಯಾವಾಗ ಫೋನ್ ಮಾಡಿದರೂ 'ಹೊಸಕೋಟೆ ಟೋಲ್ ಹತ್ರ ಇದೀನಿ ಸಾರ್'. ಮನೆಯನ್ನೇ ಅಲ್ಲಿ ಮಾಡಿರಬೇಕು. ಪಾಪ, ಆ ಹುಡುಗನ ತಲೆ ಮೇಲೆ ಎಷ್ಟು ಊರಿನ ಲಿಫ್ಟುಗಳಿವೆಯೋ.

ಇದೆಲ್ಲ ನಡೆಯುತ್ತಿರುವುದು ಕೆಜಿಎಫ್ ಇರುವ ಜಿಲ್ಲೆಯಲ್ಲಿ ಸ್ವಾಮಿ! 1902ರಲ್ಲೇ ಶಿವನಸಮುದ್ರದ ಕರೆಂಟು ಬೆಂಗಳೂರನ್ನು ಬಿಟ್ಟು ಮೊದಲು ಬಂದದ್ದು ಇಲ್ಲಿಗೆ. ಇಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಜನ ಕೇಜು, ಅಂದರೆ ಗಣಿಯ ಲಿಫ್ಟು ಹತ್ತಿ, ಒಂದು ಶಾಫ್ಟು ಮುಗಿದಲ್ಲಿ ಇನ್ನೊಂದು ಕೇಜಿಗೆ ಬದಲಾಗಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಪಾಳಿ ಮುಗಿಸಿ ಬರುತ್ತಿದ್ದರು. ಕೇಜಿನ ಹಗ್ಗವನ್ನು ದಿನಕ್ಕೊಮ್ಮೆ ನೋಡಲೇಬೇಕು ಎಂಬುದು ಗಣಿಯ ನಿಯಮ. 2001ರಲ್ಲಿ ಗಣಿ ಮುಚ್ಚಿತು. ದಿನಕ್ಕೊಮ್ಮೆ ನೋಡುವ ಚಾಳಿಯನ್ನೂ ಅದರೊಳಗೇ ಹೂತು ಬಂದೆವು. ಈಗ ನಮಗೆ ಎರಡನೇ ಮಹಡಿಯೇ ದೂರ.

ಖಾಸಗಿಯವರದು ಅವರ ಕರ್ಮ ಅನ್ನಬಹುದು. ಸರ್ಕಾರಿ ಕಟ್ಟಡದ ಲಿಫ್ಟಿನ ಮುಂದೆ ನಿಂತರೆ ನನಗೆ ತಮಾಷೆ ಹೊಳೆಯುವುದಿಲ್ಲ. 'ದುರಸ್ತಿಯಲ್ಲಿದೆ' ಎಂಬ ಚೀಟಿಯ ಅಂಟು ಒಣಗಿ, ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದಾರೆ. ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೂ ಎಟುಕಬೇಕೆಂದು 2016ರ ಕಾಯ್ದೆ ಹೇಳಿ, ಕೊಟ್ಟ ಐದು ವರ್ಷದ ಗಡುವೂ ಮುಗಿದಿದೆ. ಹೊಸ ಲಿಫ್ಟಾದರೆ ದುಡ್ಡು ಬಿಡುಗಡೆಯಾಗುತ್ತದೆ, ಟೇಪು ಕತ್ತರಿಸಬಹುದು. ಹಳೆಯದಕ್ಕೆ ರೋಲರ್ ಹಾಕಿಸಿದರೆ ಯಾರು ಫೋಟೊ ತೆಗೆಯುತ್ತಾರೆ? ನಾಚಿಕೆಯಾಗಬೇಕು.

ಮೊನ್ನೆ ಪಿಂಚಣಿಗೆ ಬಂದಿದ್ದ ಅಜ್ಜಿಯೊಬ್ಬರು ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ಎರಡೂ ಕಾಲು ಕೂಡಿಸಿಕೊಂಡು, ಎರಡನೇ ಮಹಡಿ ಹತ್ತಿದರು. ಮೇಜಿನ ಆಚೆಯವರು ಕಾಗದ ತಿರುವಿ ನೋಡಿ, 'ಅಜ್ಜೀ, ಆಧಾರ್ ಜೆರಾಕ್ಸ್ ಇನ್ನೊಂದು ಬೇಕಲ್ಲಾ' ಅಂದರು. ಜೆರಾಕ್ಸ್ ಅಂಗಡಿ ಕೆಳಗೆ, ರಸ್ತೆಯ ಆಚೆ ಬದಿ.