ಮಳೆ ಪುಸ್ತಕವೂ ಮರಳುಗಾಡಿನ ಪುಸ್ತಕವೂ

ಕೊಡಗಿನ ಕಾಫಿ ತೋಟಗಳಲ್ಲಿ ರೈಟರ್ ಅಂದರೆ ಕತೆ ಕಾದಂಬರಿ ಬರೆಯುವವನಲ್ಲ, ಚೆಕ್‌ರೋಲ್ ಬರೆಯುವವನು. ಇವತ್ತು ಎಷ್ಟು ಆಳು ಬಂದರು, ಯಾರು ಹೊಟ್ಟೆನೋವೆಂದು ಮಧ್ಯಾಹ್ನವೇ ಲೈನ್ ಮನೆ ಸೇರಿದರು, ಗೊಬ್ಬರ ಎಷ್ಟು ಮೂಟೆ ಹೋಯಿತು, ಜೀಪು ಎಷ್ಟು ಡೀಸೆಲ್ ಕುಡಿಯಿತು, ಇಷ್ಟೇ ನನ್ನ ಸಮಗ್ರ ಸಾಹಿತ್ಯ. ಒಮ್ಮೆ ಊಟ ಮಾಡುತ್ತಾ, "ಐಸಾಕ್ ಅಸಿಮೋವ್ ಅಂತ ಒಬ್ಬ ರೈಟರ್ ಇದ್ದ. ಬರೆದದ್ದು, ಸಂಪಾದಿಸಿದ್ದು ಎಲ್ಲ ಸೇರಿ ನಾನೂರಕ್ಕೂ ಹೆಚ್ಚು ಪುಸ್ತಕ!" ಎಂದು ಕಣ್ಣರಳಿಸಿ ಹೇಳಿದೆ. ಅತ್ತೆ ಸಾರಿನ ಸೌಟು ಹಿಡಿದು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಅಷ್ಟು ಪುಸ್ತಕ ಬರೆಯಬೇಕಾದರೆ ತೋಟ ಎಷ್ಟು ಎಕರೆ ಇರಬೇಕು!"

ನನಗಿರುವುದು ಸರಣಿ ಪುಸ್ತಕಗಳ ಚಟ. ವೈಜ್ಞಾನಿಕ ಕಾದಂಬರಿಯಾಗಲಿ, ಮಾಟ ಮಂತ್ರ ಡ್ರ್ಯಾಗನ್‌ಗಳ ಫ್ಯಾಂಟಸಿಯಾಗಲಿ, ಕನಿಷ್ಠ ಮೂರು ಸಂಪುಟವಾದರೂ ಇರಬೇಕು. ಒಂದೇ ಪುಸ್ತಕಕ್ಕೆ ಮುಗಿದುಹೋಗುವ ಕತೆ, ಊಟಕ್ಕೆ ಕರೆದು ಬರೀ ಕಾಫಿ ಕೊಟ್ಟು ಕಳಿಸಿದ ಹಾಗೆ. ಆದರೆ ಈ ಚಟ ಬೆಂಗಳೂರಿನ ಫ್ಲ್ಯಾಟಿನವರಿಗೆ ಸರಿ, ಮಡಿಕೇರಿ ಸುತ್ತಿನ ಮಳೆಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಮದುವೆ ಫೋಟೋದಲ್ಲಿ ನನ್ನ ಮುಖಕ್ಕೂ ಬೂಷ್ಟು. ಹೆಂಡತಿಯ ಮುಖಕ್ಕೆ ಏನೂ ಆಗಿಲ್ಲ, ಅದು ಹೇಗೋ.

ರಾಬರ್ಟ್ ಜೋರ್ಡನ್‌ನ 'ದಿ ವೀಲ್ ಆಫ್ ಟೈಮ್' ಹದಿನಾಲ್ಕು ಸಂಪುಟಗಳ ಸರಣಿ. ನಮ್ಮ ಮನೆಯಲ್ಲಿ ಅದು ಅಕ್ಕಿ ಮೂಟೆಯ ಕೆಳಗಿದೆ. ನೆಲದ ಥಂಡಿ ಅಕ್ಕಿಗೆ ಏರಬಾರದೆಂದು ಹೆಂಡತಿ ಹುಡುಕುತ್ತಿದ್ದಾಗ ಒಂದೇ ದಪ್ಪದ ಹದಿನಾಲ್ಕು ಇಟ್ಟಿಗೆ ಸಿಕ್ಕಿದವಂತೆ. ಜೋಡಿಸುವಾಗ ಕತೆಯ ಕ್ರಮವನ್ನೇನೂ ನೋಡಲಿಲ್ಲ, ಮಟ್ಟ ನೋಡಿದಳು. ಈಗ ಐದನೇ ಭಾಗ ಬೇಕೆಂದರೆ ಮೊದಲು ಐವತ್ತು ಕಿಲೋ ಎತ್ತಬೇಕು. ನಾನು ಜಗಳ ಮಾಡಲಿಲ್ಲ, ಯಾಕೆಂದರೆ ಆ ಸರಣಿಯ ನಡುವಿನ ಸಂಪುಟಗಳು ಭಾರ ಹೊರಲಿಕ್ಕೇ ಹುಟ್ಟಿದವು. ಹತ್ತನೆಯದನ್ನು ನೋಡಿ: ಒಂಬತ್ತನೇ ಭಾಗದ ಕೊನೆಗೆ ಒಂದು ಭಾರಿ ಘಟನೆ ನಡೆದಿರುತ್ತದೆ, ಹತ್ತರಲ್ಲಿ ಬಹುತೇಕ ಎಲ್ಲರೂ ಅದನ್ನು ದೂರದಿಂದ ನೋಡಿ ಬೆರಗಾಗುತ್ತಾರೆ. ಆಮೇಲೆ ಒಬ್ಬಳು ಜಡೆ ಎಳೆದುಕೊಳ್ಳುತ್ತಾಳೆ. ಪುಸ್ತಕ ಮುಗಿಯಿತು.

1990ರಲ್ಲಿ ಶುರುವಾದ ಆ ಕತೆ ಮುಗಿಯುವ ಮೊದಲೇ, 2007ರಲ್ಲಿ, ಜೋರ್ಡನ್ ತೀರಿಹೋದ. ಅವನು ಬಿಟ್ಟುಹೋದ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದು 2013ರಲ್ಲಿ ಮುಗಿಸಿಕೊಟ್ಟ. ನನ್ನ ಪ್ರಕಾರ ಬಂಡಿ ಮತ್ತೆ ಓಡಿದ್ದೇ ಆಗ. ಇದನ್ನು ಹೇಳಿದರೆ ಕೆಲವು ಗೆಳೆಯರು ಸಿಟ್ಟಾಗುತ್ತಾರೆ, ಆಗಲಿ. ಅವತ್ತಿಂದ ನಾನೊಂದು ವ್ರತ ಹಿಡಿದೆ, ಬರೆದು ಮುಗಿಯದ ಸರಣಿಯನ್ನು ಮುಟ್ಟುವುದಿಲ್ಲವೆಂದು. ಮುರಿದದ್ದು ಒಂದೇ ಸಲ, ಜಾರ್ಜ್ ಮಾರ್ಟಿನ್‌ಗಾಗಿ. 1996ರಲ್ಲಿ 'ಎ ಗೇಮ್ ಆಫ್ ಥ್ರೋನ್ಸ್' ಎಂಬ ಮೊದಲ ಭಾಗ ಬರೆದವನು, 2011ರಲ್ಲಿ ಐದನೆಯದು ತಂದ. ಆ ವರ್ಷ ನಮ್ಮ ತೋಟದ ಅಂಚಿಗೆ ನೆಟ್ಟ ಸಿಲ್ವರ್ ಓಕ್‌ಗಳು ಈಗ ಮುಗಿಲು ಮುಟ್ಟಿವೆ, ಅವಕ್ಕೆ ಬಿಟ್ಟ ಮೆಣಸಿನ ಬಳ್ಳಿಗೆ ಏಣಿ ಹಾಕಿ ಕೊಯ್ಯುತ್ತಿದ್ದೇವೆ. ಆರನೇ ಭಾಗದ ಸುದ್ದಿಯಿಲ್ಲ.

ಇನ್ನು ಪಕ್ಕದ ತೋಟದ ಕ್ಯಾಪ್ಟನ್ ಮಾವನ ವಿಷಯ ಹೇಳಬೇಕು. ಮಿಲಿಟರಿಯಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಮೀಸೆ ಇನ್ನೂ ಡ್ಯೂಟಿಯಲ್ಲಿದೆ. ಒಂದು ಸಂಜೆ ಕರೆಂಟಿಲ್ಲದೆ ಬೇಜಾರಾಗಿ ನಮ್ಮ ಮನೆಗೆ ಬಂದವರು, ಟೋಲ್ಕಿನ್‌ನ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಮೂರು ಸಂಪುಟಗಳಲ್ಲಿ ಮೇಲಿದ್ದದ್ದನ್ನು ಎತ್ತಿಕೊಂಡು ಹೊರಟರು. ಮೇಲಿದ್ದದ್ದು ಮೂರನೆಯದು.

"ಮಾವ, ಅದು ಕೊನೆಯದು!"

"ಇರಲಿ ಬಿಡು. ಮಿಲಿಟರಿಯಲ್ಲಿ ಯುದ್ಧ ಶುರುವಾದ ಮೇಲೇ ನಮ್ಮನ್ನು ಕರೆಯೋದು."

ಅದು ಅಸಲಿಗೆ ಒಂದೇ ಕಾದಂಬರಿ, ಯುದ್ಧಾನಂತರದ ಕಾಗದದ ದುಬಾರಿ ಕಾಲದಲ್ಲಿ ಪ್ರಕಾಶಕರು 1954–55ರಲ್ಲಿ ಮೂರು ತುಂಡು ಮಾಡಿ ಅಚ್ಚು ಹಾಕಿದ್ದು, ಬಾಲದಿಂದ ಓದಿದರೆ ತಲೆ ಸಿಗುವುದಿಲ್ಲ ಎಂದು ನಾನು ಜಗುಲಿಯಿಂದ ಕೂಗುತ್ತಲೇ ಇದ್ದೆ. ಮಾವನ ಕೊಡೆ ಗೇಟು ದಾಟಿತ್ತು.

ವಾರ ಬಿಟ್ಟು ವರದಿ ಬಂತು. ಮೊದಲ ಆಕ್ಷೇಪ: "ಆರು ಸಾವಿರ ಕುದುರೆ ಸವಾರರು ಅಷ್ಟು ದೂರ ಹೋಗ್ತಾರಲ್ಲ, ಕುದುರೆಗೆ ಹುಲ್ಲು ಎಲ್ಲಿಂದ? ರೇಷನ್ ಯಾರು ಹೊತ್ತರು?" ಎರಡನೆಯದು: "ಉಂಗುರ ಸುಡೋಕೆ ಇರೋದು ಅದೊಂದೇ ಬೆಟ್ಟ. ಬಾಗಿಲಲ್ಲಿ ಒಬ್ಬ ಸಂತ್ರಿ ಇಲ್ವಲ್ಲ! ನನ್ನ ಕೈಕೆಳಗಾಗಿದ್ದರೆ ಆ ಉಂಗುರದ ಒಡೆಯ ಸೌರಾನ್‌ಗೆ ಕೋರ್ಟ್ ಮಾರ್ಷಲ್." ಆದರೆ ಕೊನೆಯಲ್ಲಿರುವ ಅನುಬಂಧಗಳನ್ನು ಮಾತ್ರ ಬಾಯಿತುಂಬ ಹೊಗಳಿದರು. ಯಾರೂ ಓದದೆ ಬಿಡುವ ಆ ವಂಶಾವಳಿಗಳು, ಪಂಚಾಂಗಗಳು ಇದ್ದಾವಲ್ಲ, ಅವು. "ನೋಡು, ಇವನು ಕೊಡವರ ಹಾಗೆ ಬರೆದಿದ್ದಾನೆ. ಮೊದಲು ಯಾವ ಮನೆಯವನು, ಯಾರ ಮಗ, ತಾಯಿ ಮನೆ ಯಾವುದು, ಆಮೇಲೆ ಹೆಸರು." ಹಾಬಿಟ್‌ಗಳೆಂಬ ಆ ಕತೆಯ ಕುಳ್ಳ ಜನರ ಒಂದೊಂದು ಒಕ್ಕವನ್ನೂ, ಅಂದರೆ ಮನೆತನವನ್ನೂ, ಮಾವ ಬಾಯಿಪಾಠ ಮಾಡಿದ್ದರು. ಐನ್‌ಮನೆಯ ಗೋಡೆಗೆ ಬ್ಯಾಗಿನ್ಸ್ ವಂಶವೃಕ್ಷ ತೂಗು ಹಾಕದಿದ್ದದ್ದು ನನ್ನ ಪುಣ್ಯ.

ನಂತರ ಒಂದನೇ ಭಾಗ ಒಯ್ದರು. ಎರಡನೆಯದನ್ನು ನಾನು ಕೊಡಲಿಲ್ಲ. ಮೂರನೆಯದು ಇನ್ನೂ ವಾಪಸು ಬಂದಿರಲಿಲ್ಲ, ಅದಕ್ಕೆ. ಹೀಗಾಗಿ ಹೊರಟದ್ದು ಗೊತ್ತು, ಮುಟ್ಟಿದ್ದು ಗೊತ್ತು, ದಾರಿ ಮಾತ್ರ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಮಾವ ಆ ಮಳೆಗಾಲ ಕಳೆಯುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ನಾನು ಆ ಕಕ್ಕಡ ತಿಂಗಳಲ್ಲಿ ಹಿಡಿದದ್ದು ಫ್ರಾಂಕ್ ಹರ್ಬರ್ಟ್‌ನ 'ಡ್ಯೂನ್'. ಮನೆಯೊಳಗೆ ಒಗೆದ ಬಟ್ಟೆ ಎಂಟು ದಿನದಿಂದ ಒಣಗದೆ ನೇತಾಡುತ್ತಿರುವಾಗ, ಒಂದು ಹನಿ ಮಳೆ ಬೀಳದ ಅರಾಕಿಸ್ ಎಂಬ ಗ್ರಹದ ಕತೆ ಓದುವ ಸುಖವೇ ಬೇರೆ. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಗಂಟಲು ಒಣಗಿ ನಾನು ಎರಡೆರಡು ಸಲ ಎದ್ದು ನೀರು ಕುಡಿದೆ. ಅಲ್ಲಿ ನೀರೇ ಚಿನ್ನ. ಒಬ್ಬ ನಾಯಕ ಡ್ಯೂಕನ ಎದುರು ಮೇಜಿನ ಮೇಲೆ ಉಗುಳುತ್ತಾನೆ, ಎಲ್ಲರೂ ಕತ್ತಿಗೆ ಕೈಹಾಕುತ್ತಾರೆ, ನೋಡಿದರೆ ಅದು ಗೌರವ, ಮೈಯ ನೀರನ್ನೇ ಕಾಣಿಕೆ ಕೊಟ್ಟದ್ದು. ಆ ಲೆಕ್ಕದಲ್ಲಿ ನಮ್ಮ ಮೇಸ್ತ್ರಿ ಎಲೆಯಡಿಕೆ ಜಗಿದು ಆಫೀಸಿನ ಮೂಲೆಗೆ ದಿನಾ ಸಲ್ಲಿಸುವ ಗೌರವ ಯಾವ ಚಕ್ರವರ್ತಿಗೂ ಸಿಕ್ಕಿರಲಾರದು.

ಆ ಮರಳುಗಾಡಿನ ಜನ ಒಂದು ಉಡುಪು ಹಾಕುತ್ತಾರೆ. ಬೆವರು, ಮೂತ್ರ ಎಲ್ಲವನ್ನೂ ಸೋಸಿ ಮತ್ತೆ ಕುಡಿಯುವ ನೀರು ಮಾಡಿಕೊಡುತ್ತದೆ. ನನ್ನ ಮಳೆಕೋಟು ಇದಕ್ಕೆ ತದ್ವಿರುದ್ಧ, ಹೊರಗಿನ ಮಳೆಯನ್ನು ಒಳಗೆ ಬಿಟ್ಟು ಒಳಗಿನ ಬೆವರನ್ನು ಹೊರಗೆ ಬಿಡದ ಯಂತ್ರ. ಅದೂ ಅಲ್ಲದೆ ನಮ್ಮಲ್ಲಿ ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿನ್ನುತ್ತೇವೆ. ಮಾರನೇ ದಿನ ಬಚ್ಚಲಿಗೆ ಹೋದವರಿಗೆ ಬಣ್ಣ ಗೊತ್ತು. ಆ ದಿನ ಅಂಥ ಉಡುಪು ಹಾಕಿಕೊಂಡು ನಳಿಕೆ ಬಾಯಿಗಿಟ್ಟುಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಒಂದು ಶುಕ್ರವಾರ ಪುಸ್ತಕವನ್ನು ಮಳೆಕೋಟಿನೊಳಗೆ ಎದೆಗೆ ಅವುಚಿಕೊಂಡು ತೋಡು ದಾಟುತ್ತಿದ್ದೆ. ಕಾಲಿಗೆ ಜಿಗಣೆ ಹತ್ತಿತು. ಬಗ್ಗಿದೆ. ಇಡೀ ಮರಳುಗಾಡು ಕೆಂಪು ನೀರಿನಲ್ಲಿ ತೇಲಿಕೊಂಡು ಹೊರಟಿತು. ಹಿಂದೆ ಓಡಿದೆ, ಬಿದ್ದೆ, ಎದ್ದೆ, ಕಡೆಗೆ ಮೋರಿಯ ಬಾಯಲ್ಲಿ ಸಿಕ್ಕಿಕೊಂಡಿದ್ದದ್ದನ್ನು ಮೇಸ್ತ್ರಿ ಕತ್ತಿಯ ತುದಿಯಲ್ಲಿ ಎತ್ತಿಕೊಟ್ಟ. "ಆಫೀಸಿನ ಲೆಕ್ಕದ ಪುಸ್ತಕವಾ ರೈಟ್ರೇ?" ಎಂದು ಕೇಳಿದ. ಅಲ್ಲ ಅಂದಾಗ ಅವನ ಮುಖದಲ್ಲಿ ಕಂಡ ನಿರಾಸೆ ಮರೆಯುವಂಥದ್ದಲ್ಲ.

ಹೆಂಡತಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಪಕ್ಕ ಇಟ್ಟಳು. ಶನಿವಾರ ರಾತ್ರಿಗೆ ಪುಸ್ತಕ ಎರಡು ಪಟ್ಟು ಉಬ್ಬಿ, ಹೊಗೆ ಕುಡಿದು, ಹಾಳೆ ಬಿಡಿಸಲು ಬರುವಷ್ಟಾಯಿತು. ಉಳಿದಿದ್ದದ್ದು ನೂರು ಪುಟ. ಒಂದೊಂದೇ ಹಾಳೆಯನ್ನು ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಿ, ಟಾರ್ಚ್ ಹಿಡಿದು ಓದಿ ಮುಗಿಸುವಾಗ ನಾಲ್ಕು ಗಂಟೆ. ಬ್ರಹ್ಮಾಂಡದ ಅತಿ ದುಬಾರಿ ಮಸಾಲೆಯ ಕತೆ ಅದು, ನನಗೆ ಮಾತ್ರ ಕೊನೆವರೆಗೂ ಒಣಮೀನಿನದ್ದೇ ವಾಸನೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: 'ಡ್ಯೂನ್' ಓದುವವರು ಮೊದಲ ಪುಸ್ತಕಕ್ಕೇ ಕೈ ತೊಳೆದುಕೊಳ್ಳಿ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಾಯಕನ ಮಗ ಅರೆ ಹುಳುವಾಗಿ ಮೂರೂವರೆ ಸಾವಿರ ವರ್ಷ ಆಳಿರುತ್ತಾನೆ, ಆಳಿದ್ದಕ್ಕಿಂತ ಉಪದೇಶ ಮಾಡಿದ್ದು ಹೆಚ್ಚು. ಹರ್ಬರ್ಟ್ ಬರೆದದ್ದು ಆರು. 1986ರಲ್ಲಿ ಅವನು ಸತ್ತ ಮೇಲೆ ಮಗ ಇನ್ನೊಬ್ಬರನ್ನು ಸೇರಿಸಿಕೊಂಡು ಬರೆಯುತ್ತಾ ಹೋದ. ಅಪ್ಪ ನೆಟ್ಟ ಗಿಡ, ಮಗನ ಕೊಯ್ಲು. ನಮ್ಮ ಊರಲ್ಲಿ ಇದು ಹೊಸದಲ್ಲ.

ಎಡವಟ್ಟಾದದ್ದು ಭಾನುವಾರ. ದಿನಾ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು ಮಳೆ ಪುಸ್ತಕದಲ್ಲಿ ಬರೆಯಬೇಕಾದವನು ನಾನು. ಮಿಲಿಮೀಟರ್ ಎಲ್ಲ ರೇಡಿಯೋದವರಿಗೆ, ನಮಗೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಮಳೆ ಲೆಕ್ಕ ಅಂದರೆ ತೋಟದವರಿಗೆ ಜಾತಕವಿದ್ದ ಹಾಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಎಷ್ಟು ಸೆಂಟು ಬಿತ್ತು ಎನ್ನುವುದರ ಮೇಲೆ ಮುಂದಿನ ಫಸಲು, ಫಸಲಿನ ಮೇಲೆ ಬ್ಯಾಂಕು, ಬ್ಯಾಂಕಿನ ಮೇಲೆ ಸಾಹುಕಾರರ ಬಿ.ಪಿ. ಆ ಭಾನುವಾರ ನನಗೆ ಎಚ್ಚರವಾದದ್ದು ಹನ್ನೊಂದಕ್ಕೆ. ಮಳೆ ಜಡಿಯುತ್ತಿತ್ತು. ಯಾರು ಇಳಿದುಹೋಗುತ್ತಾರೆ? ಅಸಿಮೋವ್‌ನ 'ಫೌಂಡೇಶನ್' ಸರಣಿಯಲ್ಲಿ ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಇಡೀ ಗೆಲಾಕ್ಸಿಯ ಸಾವಿರ ವರ್ಷದ ಭವಿಷ್ಯವನ್ನು ಲೆಕ್ಕ ಹಾಕಿ ಹೇಳುತ್ತಾನೆ. ನನಗೆ ಒಂದು ದಿನದ ಮಳೆ ಲೆಕ್ಕ ಹಾಕಲು ಬಾರದೇ? ಹಿಂದಿನ ಒಂದು ವಾರ ನೋಡಿ, ಸರಾಸರಿ ತೆಗೆದು, ಚೆಂದಕ್ಕಿರಲಿ ಎಂದು ಸ್ವಲ್ಪ ಸೆಂಟು ಸೇರಿಸಿ '3.25' ಎಂದು ಬರೆದೆ.

ಸೋಮವಾರ ಶಿಸ್ತಾಗಿ ಎಂಟಕ್ಕೇ ಹೋಗಿ ಅಳೆದೆ. 7.10. ನಿದ್ದೆಗಣ್ಣಿನಲ್ಲಿ ಬರೆದೂಬಿಟ್ಟೆ. ಭಾನುವಾರದ ನೀರು ಚೆಲ್ಲದೆ ಅದರಲ್ಲೇ ಇತ್ತು ಎಂಬುದು ಹೊಳೆದದ್ದು ತಿಂಡಿಗೆ ಕೂತು ಕಡುಬು ಮುರಿಯುವಾಗ. ಅಷ್ಟರಲ್ಲಿ ಸಾಹುಕಾರರು ಪುಸ್ತಕ ನೋಡಿ ಆಗಿತ್ತು.

ಕೊಡಗಿನ ಸಾಹುಕಾರರಿಗೆ ಮಳೆ ಜಾಸ್ತಿಯಾದರೆ ಎರಡು ಭಾವನೆ ಒಟ್ಟಿಗೇ ಬರುತ್ತವೆ. ಕಾಫಿ ಕೊಳೆಯುತ್ತದಲ್ಲ ಎಂಬ ಸಂಕಟ, ನಮ್ಮಲ್ಲೇ ಎಲ್ಲರಿಗಿಂತ ಹೆಚ್ಚು ಎಂಬ ಹೆಮ್ಮೆ. ಹೆಮ್ಮೆ ಮೊದಲು ಫೋನು ಎತ್ತಿತು. ಸೋಮವಾರಪೇಟೆಗೆ, ನಾಪೋಕ್ಲಿಗೆ, ವಿರಾಜಪೇಟೆಯ ಭಾವನಿಗೆ, "ಏಳು ಇಂಚು ಹತ್ತು ಸೆಂಟು! ಒಂದೇ ರಾತ್ರಿ! ನಮ್ಮ ರೈಟರೇ ಅಳೆದದ್ದು." ಕಿಟಕಿಯಾಚೆ ನಿಂತು ಕೇಳುತ್ತಿದ್ದ ನನಗೆ ಆ ಕೊನೆಯ ವಾಕ್ಯ ಅಷ್ಟಾಗಿ ಬೇಕಿರಲಿಲ್ಲ.

ಸೆಲ್ಡನ್‌ನ ಶಾಸ್ತ್ರಕ್ಕೆ ಎರಡು ನಿಯಮ. ಕೋಟ್ಯಂತರ ಜನರಿದ್ದರಷ್ಟೇ ಲೆಕ್ಕ ಕೂಡುತ್ತದೆ, ಆ ಜನರಿಗೆ ಲೆಕ್ಕ ಗೊತ್ತಾಗಬಾರದು. ಒಬ್ಬನೇ ಒಬ್ಬ ವಿಚಿತ್ರ ಮನುಷ್ಯ ನಡುವೆ ನುಗ್ಗಿದರೆ ಎಲ್ಲ ಬುಡಮೇಲು. ಕತೆಯಲ್ಲಿ ಅವನ ಹೆಸರು ಮ್ಯೂಲ್. ಇಷ್ಟು ದಿನ ನಾನು ಅದನ್ನು ಸಲಗಕ್ಕೆ ಹೋಲಿಸುತ್ತಿದ್ದೆ, ಫಸಲಿನ ಅಂದಾಜು ಎಷ್ಟೇ ಸರಿಯಿರಲಿ, ಹಲಸಿನ ಹಣ್ಣಿನ ವಾಸನೆಗೆ ಒಂದೇ ಒಂದು ಆನೆ ತೋಟಕ್ಕೆ ಇಳಿದರೆ ಮುಗಿಯಿತಲ್ಲ. ನನ್ನ ಮ್ಯೂಲ್ ಮಾತ್ರ ಮಂಗಳವಾರ ಸಂಜೆ ಕೊಡೆ ಹಿಡಿದುಕೊಂಡು ಬಂದ. ಕ್ಯಾಪ್ಟನ್ ಮಾವನ ಅಂಗಳದಲ್ಲೂ ಒಂದು ಮಳೆಮಾಪಕವಿದೆ.

"ಭಾನುವಾರ ನನ್ನಲ್ಲಿ ಮೂರು ನಲವತ್ತು. ಸೋಮವಾರ ಮೂರು ಎಪ್ಪತ್ತು" ಎಂದು ಕುರ್ಚಿಯಲ್ಲಿ ಕೂತರು. "ಕೂಡಿಸು."

ಕೂಡಿಸಬೇಕಾಗಿರಲಿಲ್ಲ.

"ನಮ್ಮಿಬ್ಬರ ನಡುವೆ ಇರೋದು ಒಂದು ಬೇಲಿ. ಬೇಲಿ ಹಾರೋವಾಗ ಮಳೆ ಡಬಲ್ ಆಗುತ್ತಾ?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಅಟ್ಟದ ಮೇಲಿನ ಒಣಮೀನು ನೋಡುತ್ತಿದ್ದಳು.

"ಸಾಹುಕಾರರಿಗೆ ನಾನ್ಯಾಕೆ ಹೇಳಲಿ" ಎಂದು ಮಾವ ಮೀಸೆ ಸವರಿದರು. "ಆದರೆ ಆ ಇಬ್ಬರು ಪುಟಾಣಿಗಳು ಅಷ್ಟು ದೂರ ಹೇಗೆ ನಡೆದರು ಅಂತ ತಿಳಿಯದೆ ನನಗೆ ರಾತ್ರಿ ನಿದ್ದೆ ಬರ್ತಾ ಇಲ್ಲ."

ಎರಡನೇ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಾನೇ ಗೇಟಿನವರೆಗೆ ಹೊತ್ತು ಬಿಟ್ಟುಬಂದೆ.

ಕೈಲ್‌ಪೋಳ್ದ್ ಹಬ್ಬದ ಮಾರನೇ ದಿನ ಮೂರೂ ಸಂಪುಟ ಒಟ್ಟಿಗೆ ವಾಪಸು ಬಂದವು. ಪುಟದ ಅಂಚುಗಳಲ್ಲಿ ಪೆನ್ಸಿಲಿನಲ್ಲಿ 'ರೇಷನ್?', 'ಸಂತ್ರಿ ಎಲ್ಲಿ?', ಒಂದು ಕಡೆ 'ಶಾಬಾಶ್'. ಎರಡನೇ ಭಾಗದ ರಕ್ಷಾಪುಟದ ಒಳಗಡೆ ಮಾತ್ರ ನೀಟಾಗಿ ಇಂಕಿನಲ್ಲಿ: ಭಾನು 3.40, ಸೋಮ 3.70, ಒಟ್ಟು 7.10. ಕೆಳಗೆ ಸಹಿ, ಅದರ ಕೆಳಗೆ ರ‍್ಯಾಂಕು.

ಮೊನ್ನೆ ಸಾಹುಕಾರರು ಆಫೀಸಿಗೆ ಬಂದರು. "ರೈಟ್ರೇ, ಕ್ಯಾಪ್ಟನ್ ಅದೇನೋ ಉಂಗುರದ ಪುಸ್ತಕ ಅಂತ ಊರೆಲ್ಲ ಹೊಗಳ್ತಾ ಇದ್ದಾರಲ್ಲ. ಎರಡನೇ ಭಾಗ ಮೊದಲು ಓದಿ, ಅದೇ ಚೆನ್ನಾಗಿರೋದು ಅಂದರು. ಕೊಡಿ ನೋಡೋಣ."

"ಸರ್, ಅದು ಅಕ್ಕಿ ಮೂಟೆ ಕೆಳಗೆ ಸೇರಿಹೋಗಿದೆ" ಎಂದೆ. ಸಂಜೆ ಮನೆಗೆ ಹೋದವನೇ ಐವತ್ತು ಕಿಲೋ ಎತ್ತಿ, ಹೇಳಿದ್ದನ್ನು ನಿಜ ಮಾಡಿದೆ.